ಕಾರಿಗೆ ಕಟ್ಟಿದ ಡೆಪಾಸಿಟ್ ಬ್ಯಾಂಕ್ ಪೂರ್ತಿ ಇಟ್ಕೊಬಹುದಾ? (ದುಬೈ ಕನ್ನಡಿಗರ ಗ್ರೂಪ್ ಪ್ರಶ್ನೋತ್ತರ)

ಭಟ್ಕಳದವ: ಸರ್, ಇಲ್ಲಿನ ಒಂದು ಇಸ್ಲಾಮಿಕ್ ಬ್ಯಾಂಕಲ್ಲಿ ಮುರಾಬಹಾ (ಬ್ಯಾಂಕೇ ಕೊಂಡು, ಲಾಭ ಸೇರಿಸಿ ನಮಗೆ ಮಾರೋದು) ಕಾರಿಗೆ ಹೋಗಿದ್ದೆ. ಬೆಲೆ 70,000 ದಿರ್ಹಮ್. ಬ್ಯಾಂಕ್ ಕಾರು ಕೊಂಡ ಮೇಲೆ ಅವರಿಂದ ನಾನು ಕೊಳ್ಳುತ್ತೇನೆ ಅಂತ ವಾಗ್ದಾನ ಪತ್ರಕ್ಕೆ ಸಹಿ ಹಾಕಿ 14,000 ಕಟ್ಟಿದೆ. ಅಷ್ಟರಲ್ಲಿ ಕೆಲಸ ಹೋಯಿತು, ಕಾರು ಬೇಡ ಅಂದೆ. ಅವರು ಬೇರೆಯವರಿಗೆ 66,000ಕ್ಕೆ ಮಾರಿದ್ದಾರೆ. ನನ್ನ ದುಡ್ಡು ಕೇಳಿದರೆ "ಅದು ಅರ್ಬೂನ್, ವಾಪಸ್ ಇಲ್ಲ" ಅಂತಾರೆ.

ಶರೀಅ ಆಡಿಟರ್: ದುಡ್ಡು ಕಟ್ಟಿದ್ದು ಯಾವತ್ತು, ಬ್ಯಾಂಕ್ ಕಾರು ಕೊಂಡಿದ್ದು ಯಾವತ್ತು? ಎಲ್ಲ ಇದರ ಮೇಲೆ ನಿಂತಿದೆ. ಅರ್ಬೂನ್ ಅಂದರೆ ಮಾರಾಟದ ಕರಾರು ಆದ ಮೇಲೆ ಕೊಡುವ ಮುಂಗಡ. ತನ್ನದೇ ಆಗದ ಕಾರನ್ನು ಬ್ಯಾಂಕ್ ನಿಮಗೆ ಹೇಗೆ ಮಾರುತ್ತೆ? ವಾಗ್ದಾನದ ಹಂತದಲ್ಲಿ ತಗೊಂಡಿದ್ದು ಹಾಮಿಶ್ ಜಿದ್ದಿಯಾ, ಅಂದರೆ ಬರೀ ಭದ್ರತೆಗೆ ಇಟ್ಟ ದುಡ್ಡು. ಇಸ್ಲಾಮಿಕ್ ಬ್ಯಾಂಕುಗಳಿಗೆ ಮಾನದಂಡ ಬರೆಯುವ ಸಂಸ್ಥೆ ಅಯೋಫಿಯ (AAOIFI) 8ನೇ ಶರೀಅ ಮಾನದಂಡದಲ್ಲಿ ಇದು ಸ್ಪಷ್ಟವಾಗಿದೆ, ಯುಎಇ ಬ್ಯಾಂಕುಗಳಿಗೆ 2018ರ ಸೆಪ್ಟೆಂಬರಿಂದ ಅದು ಕಡ್ಡಾಯ. ನೀವು ಮಾತು ತಪ್ಪಿದರೆ ನಿಜವಾದ ನಷ್ಟ ಮಾತ್ರ ಕಳೆಯಬಹುದು. ಕೊಂಡ ಬೆಲೆ 70,000, ಮಾರಿದ್ದು 66,000, ನಷ್ಟ 4,000. ಉಳಿದ 10,000 ನಿಮ್ಮದು. ನಿಮ್ಮಿಂದ ಬರಬೇಕಿದ್ದ ಲಾಭ ಹೋಯಿತು ಅಂತ ಅದನ್ನೂ ಸೇರಿಸುವಂತಿಲ್ಲ. ಆದರೆ 14,000 ನೇರ ಡೀಲರ್‌ಗೆ ಕಟ್ಟಿದ್ರಾ? ಹಾಗಿದ್ದರೆ ಕಥೆಯೇ ಬೇರೆ. ರಸೀದಿ ನೋಡಿ ಹೇಳಿ.

ಶಾರ್ಜಾ ಅಕ್ಕ: ಸರ್, ಡೆಪಾಸಿಟ್ ವಾಪಸ್ ಬರುತ್ತಾ?

ಶರೀಅ ಆಡಿಟರ್: ಮೇಲೆ ಓದಿ.

ಪುತ್ತೂರಿನವ: ಫಾರ್ವರ್ಡ್ ಬಂದಿದೆ ನೋಡಿ: "ವಾಗ್ದಾನಕ್ಕೆ ಯಾರನ್ನೂ ಕಟ್ಟಿಹಾಕುವಂತಿಲ್ಲ, ಹೀಗೆ ಮೂರು ಸಾಲು ಬರೆದುಕೊಟ್ಟು ಖಾತೆ ಮುಚ್ಚಿಬಿಡಿ, ಬ್ಯಾಂಕಿಗೆ ಕೊಟ್ಟ ಚೆಕ್ ತಾನಾಗಿ ರದ್ದು."

ಶರೀಅ ಆಡಿಟರ್: ಇದನ್ನು ದಯವಿಟ್ಟು ಹಂಚಬೇಡಿ. 1988ರಲ್ಲಿ ಕುವೈತಿನಲ್ಲಿ ಅಂತರರಾಷ್ಟ್ರೀಯ ಫಿಕ್ಹ್ (ಇಸ್ಲಾಮಿಕ್ ಕಾನೂನು) ಅಕಾಡೆಮಿ ಏನು ಹೇಳಿತು ಗೊತ್ತಾ? ಒಬ್ಬರು ಕೊಟ್ಟ ವಾಗ್ದಾನ ನಂಬಿ ಇನ್ನೊಬ್ಬರು ಖರ್ಚು ಮಾಡಿದ್ದರೆ ಕೊಟ್ಟವರು ಅದಕ್ಕೆ ಕಟ್ಟುಬೀಳಬೇಕು. ಇಬ್ಬರನ್ನೂ ಕಟ್ಟಿಹಾಕುವ ವಾಗ್ದಾನ ಮಾತ್ರ ಒಪ್ಪಲ್ಲ, ಅದು ಕರಾರೇ ಆಗಿಬಿಡುತ್ತೆ. ಇನ್ನು ಚೆಕ್ ಕೊಟ್ಟು ಬೇಕಂತಲೇ ಖಾತೆ ಮುಚ್ಚೋದು ಇಲ್ಲಿ ಇವತ್ತಿಗೂ ಅಪರಾಧ. 2022ರಲ್ಲಿ ಅಪರಾಧದ ಪಟ್ಟಿಯಿಂದ ತೆಗೆದಿದ್ದು ಖಾತೆಯಲ್ಲಿ ದುಡ್ಡಿಲ್ಲದೆ ಬೌನ್ಸ್ ಆದ ಚೆಕ್ಕನ್ನು ಮಾತ್ರ. ಫಾರ್ವರ್ಡ್ ಬರೆದವನು ಬಂದು ನಿಮ್ಮ ಜೊತೆ ಸ್ಟೇಷನ್ನಲ್ಲಿ ಕೂರ್ತಾನಾ?

ಮಂಗಳೂರು ಹುಡುಗ: ಎಲ್ಲ ನಾಟಕ. ಬಡ್ಡಿಗೆ ಲಾಭ ಅಂತ ಹೆಸರು ಇಟ್ಟಿದ್ದಾರೆ ಅಷ್ಟೇ.

ಪುತ್ತೂರಿನವ: ಭಾಯ್, ಬ್ಯಾಂಕ್ ಕಾರು ಕೊಂಡಿದೆ, 4,000 ಕಮ್ಮಿಗೆ ಮಾರಿದೆ. ಬಡ್ಡಿ ಬ್ಯಾಂಕ್ ಯಾವತ್ತಾದ್ರೂ ಕಾರು ಕೊಳ್ಳುತ್ತಾ?

ಮಂಗಳೂರು ಹುಡುಗ: ಆ 4,000 ಕೊನೆಗೆ ಯಾರ ಜೇಬಿಂದ ಹೋಯಿತು ಮಾರಾಯ? ಬ್ಯಾಂಕಿಂದಲಾ?

ಪುತ್ತೂರಿನವ: ಮಾತು ಕೊಟ್ಟವನ ಜೇಬಿಂದ. ಅದರಲ್ಲೇನು ತಪ್ಪು? ನಿನಗೆ ಓದುವ ಅಭ್ಯಾಸ ಇಲ್ಲ ಬಿಡು.

ಅಬುಧಾಬಿ ಅಣ್ಣ: ತಕಾಫುಲ್ (ಇಸ್ಲಾಮಿಕ್ ವಿಮೆ) ಅರ್ಧಕ್ಕೆ ಬಿಟ್ಟರೆ ಕಟ್ಟಿದ್ದು ಸಿಗುತ್ತಾ?

ಬೆಂಗಳೂರಿನವರು: ನಮ್ಮಲ್ಲೂ ಇಂಥ ಬ್ಯಾಂಕ್ ಇದ್ದಿದ್ದರೆ ಒಳ್ಳೇದಿತ್ತು.

ಮಂಗಳೂರು ಹುಡುಗ: ಹಲಾಲ್ ಹೂಡಿಕೆ ಅಂತ ದುಡ್ಡು ತಗೊಂಡು 2019ರಲ್ಲಿ ಬೆಂಗಳೂರಿನ ಐಎಂಎ ಕಂಪನಿ ಜನರಿಗೆ ಮೋಸ ಮಾಡಿದ್ದು ಮರೆತ್ರಾ?

ಬೆಂಗಳೂರಿನವರು: ಅದು ಬ್ಯಾಂಕೇ ಅಲ್ಲ. ಸುಮ್ನೆ ಎಲ್ಲಾ ಒಂದೇ ಗಂಟು ಹಾಕಬೇಡ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಶಾರ್ಜಾ ಅಕ್ಕ: ಓದಿದೆ ಸರ್. ನನ್ನದಕ್ಕೆ ಬ್ಯಾಂಕ್ ಇನ್ನೂ ಏನೂ ಕೊಂಡಿಲ್ಲ. ಡೆಪಾಸಿಟ್ ಬರುತ್ತಾ?

ಶರೀಅ ಆಡಿಟರ್: ಕೊಂಡಿಲ್ಲ ಅಂದ್ಮೇಲೆ ಯಾವ ನಷ್ಟ ಕಳೀತಾರೆ? ಪೂರ್ತಿ ಕೇಳಿ.

ಭಟ್ಕಳದವ: ಸರ್, ನೋಡಿದೆ. ದುಡ್ಡು ಬ್ಯಾಂಕಿಗೇ ಕಟ್ಟಿದ್ದು, 3ನೇ ತಾರೀಖು. ಡೀಲರ್ ಇನ್ವಾಯ್ಸ್ ಬ್ಯಾಂಕ್ ಹೆಸರಿಗೆ ಆಗಿದ್ದು 9ಕ್ಕೆ. ಮುರಾಬಹಾ ಕರಾರಿಗೆ ಸಹಿನೇ ಹಾಕಿಲ್ಲ.

ಶರೀಅ ಆಡಿಟರ್: ಹಾಗಾದರೆ ಅದು ಅರ್ಬೂನ್ ಅಲ್ಲ. ಈ ಎರಡು ತಾರೀಖು ಹಾಕಿ ಬ್ಯಾಂಕಿನ ದೂರು ವಿಭಾಗಕ್ಕೆ ಬರೆಯಿರಿ, 66,000ಕ್ಕೆ ಮಾರಿದ ಪತ್ರದ ಪ್ರತಿ ಕೇಳಿ. ಒಪ್ಪದಿದ್ದರೆ ಬ್ಯಾಂಕ್ ಮೇಲಿನ ದೂರು ಕೇಳುವ ಯುಎಇ ಸಂಸ್ಥೆ ಸನದಕ್‌ಗೆ ಹೋಗಿ, ಆದರೆ ಮೊದಲು ಬ್ಯಾಂಕಿಗೆ ದೂರು ಕೊಟ್ಟಿರಬೇಕು. ಫೋನಲ್ಲಿ ಮಾತಾಡಬೇಡಿ, ಎಲ್ಲ ಇಮೇಲ್.

ದೇರಾ ಮೆಂಬರ್: ಸರ್ ನಂದೂ ಡೆಪಾಸಿಟ್...

ಶರೀಅ ಆಡಿಟರ್: ತಾರೀಖು ಹಾಕಿ ಕೇಳಿ. ಇಲ್ಲದಿದ್ರೆ ಉತ್ತರ ಇಲ್ಲ.