ಮಳೆಗಾಲದಲ್ಲಿ ಹೊಡೆದ ಕಪ್ಪು ಲ್ಯಾಕರ್ ಬೆಳ್ಳಗೆ ಮಂಕಾಗಿದೆ: 1/24 ಬೀಟಲ್ ಬಾಡಿಯನ್ನು ಉಳಿಸಿಕೊಳ್ಳುವುದು ಹೇಗೆ?

ಮಾಳಮಡ್ಡಿ ಮಾಡೆಲರ್ (ಧಾರವಾಡ):

ಎಲ್ಲರಿಗೂ ನಮಸ್ಕಾರ. ತಮಿಯಾ ಎಂಬ ಜಪಾನಿನ ಕಂಪನಿಯ 1/24 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಾರಿನ, 1966ರ ಫೋಕ್ಸ್‌ವ್ಯಾಗನ್ 1300 ಬೀಟಲ್ ಕಿಟ್ ಕಟ್ಟುತ್ತಿದ್ದೇನೆ. ಬಾಡಿಯನ್ನು ಸೋಪಿನ ನೀರಿನಲ್ಲಿ ತೊಳೆದು, ಬೂದು ಪ್ರೈಮರ್ ಹೊಡೆದು, ಅದು ಒಣಗಿದ ಮೇಲೆ ನಯವಾದ ವಾಟರ್ ಪೇಪರಿನಿಂದ ತಿಕ್ಕಿ, ನಂತರ ಅದೇ ಕಂಪನಿಯ ಟಿಎಸ್-14 ಕಪ್ಪು ಸ್ಪ್ರೇ ಹೊಡೆದೆ. ಹೊಡೆದ ಕ್ಷಣದಲ್ಲಿ ಬಣ್ಣ ಚೆನ್ನಾಗಿಯೇ ಹೊಳೆಯುತ್ತಿತ್ತು. ನೋಡನೋಡುತ್ತಿದ್ದಂತೆ ಛಾವಣಿಯ ಮೇಲೂ ಮುಂದಿನ ಮಡ್‌ಗಾರ್ಡುಗಳ ಉಬ್ಬಿನ ಮೇಲೂ ಹಾಲು ಬೆರೆಸಿದ ನೀರಿನಂತಹ ಬಿಳುಪು ಕವಿಯಿತು. ಬಾಗಿಲುಗಳ ಮೇಲೆ ಇದು ಕಡಿಮೆ ಇದೆ, ಛಾವಣಿಯ ನಡುವೆ ಎದ್ದು ಕಾಣುತ್ತದೆ. ಬೆರಳಾಡಿಸಿದರೆ ಮೈ ನುಣುಪಾಗಿಯೇ ಇದೆ, ಬಿರುಕುಗಳಿಲ್ಲ.

ಇಲ್ಲಿ ಪುಷ್ಯ ಮಳೆ ಬಿಡದೆ ಹಿಡಿದಿದ್ದು, ಬಣ್ಣ ಹೊಡೆದದ್ದು ಪಡಸಾಲೆಯಲ್ಲಿ. ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ನನ್ನ ಏರ್‌ಬ್ರಷ್ ರಿಪೇರಿಗೆ ಹೋಗಿರುವುದರಿಂದ ಸದ್ಯಕ್ಕೆ ಕೈಯಲ್ಲಿರುವುದು ಸ್ಪ್ರೇ ಕ್ಯಾನ್ ಮಾತ್ರ. ಕ್ಯಾನ್ ಹಳೆಯದಾಗಿ ಬಣ್ಣ ಕೆಟ್ಟಿರಬಹುದೇ? ಪರಿಚಯದ ಗ್ಯಾರೇಜ್ ಪೇಂಟರ್ ಒಬ್ಬರು ಎನ್‌ಸಿ ಥಿನ್ನರ್ (ಕಾರಿನ ಬಣ್ಣಕ್ಕೆ ಬಳಸುವ ಕಡು ದ್ರಾವಕ) ಹಾಕಿ ಎಲ್ಲವನ್ನೂ ಒರೆಸಿ ತೆಗೆದು ಹೊಸದಾಗಿ ಶುರು ಮಾಡಿ ಎನ್ನುತ್ತಿದ್ದಾರೆ. ಹಾಗೆ ಮಾಡುವ ಮೊದಲು ಬಲ್ಲವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ.

ಉಣಕಲ್ 24 (ಹುಬ್ಬಳ್ಳಿ):

ದಯವಿಟ್ಟು ಬಾಡಿಗೆ ಆ ಥಿನ್ನರ್ ಮುಟ್ಟಿಸಬೇಡಿ. ನಿಜವಾದ ಕಾರಿನ ಮೈ ತಗಡು, ನಿಮ್ಮ ಬೀಟಲ್‌ನ ಮೈ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್. ತಗಡಿನ ಮೇಲಿನ ಬಣ್ಣವನ್ನು ಒರೆಸಲು ಗ್ಯಾರೇಜಿನವರು ಬಳಸುವ ಎನ್‌ಸಿ ಥಿನ್ನರ್ ಈ ಪ್ಲಾಸ್ಟಿಕ್ಕನ್ನೇ ಕರಗಿಸಬಲ್ಲದು. ಬಾನೆಟ್ಟಿನ ಸಂದುಗಳು, ಬಾಗಿಲ ಹಿಡಿಕೆಯ ಸುತ್ತಲಿನ ಸೂಕ್ಷ್ಮ ಗೆರೆಗಳು ಒಮ್ಮೆ ಕರಗಿದರೆ ಮತ್ತೆ ಕೆತ್ತಿ ತರುವುದು ಬಹಳ ಕಷ್ಟ. ನಿಮ್ಮ ಪೇಂಟರ್ ಹೇಳಿದ್ದು ಅವರ ಕೆಲಸಕ್ಕೆ ಸರಿ, ನಮ್ಮ ಕೆಲಸಕ್ಕೆ ಅಲ್ಲ.

ಬಣ್ಣವೂ ಕೆಟ್ಟಿಲ್ಲವೆಂದೇ ನನಗೆ ತೋರುತ್ತದೆ. ನೀವು ವಿವರಿಸಿದ್ದನ್ನು ಪೇಂಟಿನವರು ಬ್ಲಶಿಂಗ್ ಎನ್ನುತ್ತಾರೆ, ಅದಕ್ಕೆ ಕಾರಣ ಗಾಳಿಯ ತೇವ. ಟಿಎಸ್ ಸಾಲಿನ ಸ್ಪ್ರೇಗಳು ಲ್ಯಾಕರ್ ಜಾತಿಯವು, ಅಂದರೆ ರಾಳವನ್ನು ದ್ರಾವಕದಲ್ಲಿ ಕರಗಿಸಿ ಮಾಡಿದ ಬಣ್ಣಗಳು, ಅವುಗಳ ದ್ರಾವಕ ಬಹಳ ಬೇಗ ಆವಿಯಾಗುತ್ತದೆ. ಆವಿಯಾಗುವ ದ್ರಾವಕ ಬಾಡಿಯ ಮೈಯಿಂದಲೇ ಶಾಖವನ್ನು ಎಳೆದುಕೊಂಡು ಹೋಗುವುದರಿಂದ ಮೈ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ಸ್ಪ್ರೇ ಕ್ಯಾನಿನಲ್ಲಿ ಇದು ಇನ್ನೂ ಹೆಚ್ಚು, ಏಕೆಂದರೆ ಒಳಗೆ ದ್ರವವಾಗಿರುವ ಗ್ಯಾಸ್ ಆವಿಯಾಗಿ ಹೊರಬರುವಾಗ ಕ್ಯಾನನ್ನೂ ಬಣ್ಣವನ್ನೂ ತಣ್ಣಗಾಗಿಸುತ್ತದೆ. ಸತತವಾಗಿ ಒತ್ತಿದಾಗ ಡಬ್ಬಿ ಕೈಗೆ ಥಂಡಿ ಹತ್ತುವುದನ್ನು ನೀವೂ ಗಮನಿಸಿರುತ್ತೀರಿ. ಆ ತಣ್ಣನೆಯ ಮೈ ಗಾಳಿಯ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರಲು ಶುರುವಾಗುವ ಉಷ್ಣತೆ) ಕೆಳಗಿಳಿದರೆ ಹಸಿ ಬಣ್ಣದ ಮೇಲೆ ನೀರಿನ ಅತಿ ಸಣ್ಣ ಹನಿಗಳು ಕೂರುತ್ತವೆ. ಲ್ಯಾಕರಿನ ರಾಳ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಅದು ಒಡೆದು ಬೇರ್ಪಟ್ಟು, ಒಣಗಿದ ಮೇಲೂ ಸೂಕ್ಷ್ಮವಾದ ತೂತುಗಳು ಉಳಿಯುತ್ತವೆ. ಅಲ್ಲಿ ಚದುರುವ ಬೆಳಕೇ ನಿಮಗೆ ಬಿಳುಪಾಗಿ ಕಾಣುತ್ತಿರುವುದು. ಪ್ರತಿಯೊಂದು ಬಣ್ಣದ ಲ್ಯಾಕರಿನಲ್ಲೂ ಇದು ಆಗುತ್ತದೆ, ಆದರೆ ಹೊಳಪಿನ ಕಪ್ಪು ಇದನ್ನು ಎಳ್ಳಷ್ಟೂ ಮುಚ್ಚಿಡುವುದಿಲ್ಲ.

ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಮಳೆಗಾಲದ ಕಷ್ಟವೆಲ್ಲ ಅರ್ಥವಾಗುತ್ತದೆ. ಕೋಣೆಯಲ್ಲಿ 26 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಿದ್ದು ತೇವಾಂಶ ಶೇ. 60 ಇದ್ದರೆ ಇಬ್ಬನಿ ಬಿಂದು ಸುಮಾರು 17.6 ಡಿಗ್ರಿ. ಅಂದರೆ ಬಾಡಿಯ ಮೈ ಎಂಟು ಡಿಗ್ರಿಗೂ ಹೆಚ್ಚು ತಣ್ಣಗಾಗದೆ ನೀರು ಕೂರುವುದಿಲ್ಲ. ಅದೇ ಉಷ್ಣತೆಯಲ್ಲಿ ತೇವಾಂಶ ಶೇ. 90 ಆದರೆ ಇಬ್ಬನಿ ಬಿಂದು 24.2ಕ್ಕೆ ಏರುತ್ತದೆ, ಆಗ ಎರಡು ಡಿಗ್ರಿ ಇಳಿದರೆ ಸಾಕು. ಮಳೆ ಹಿಡಿದ ಧಾರವಾಡದ ಪಡಸಾಲೆಯಲ್ಲಿ ಯಾರು ಎಷ್ಟೇ ಜಾಣ್ಮೆಯಿಂದ ಹೊಡೆದರೂ ಆ ಎರಡು ಡಿಗ್ರಿಯನ್ನು ತಪ್ಪಿಸಲಾಗುವುದಿಲ್ಲ. ಛಾವಣಿಯ ಮೇಲೆ ಬಿಳುಪು ಹೆಚ್ಚಿರುವುದಕ್ಕೂ ಕಾರಣವಿದೆ: ಮೇಲ್ಮುಖದ ಜಾಗದಲ್ಲಿ ಬಣ್ಣ ದಪ್ಪವಾಗಿ ಕೂರುತ್ತದೆ, ದಪ್ಪ ಕೋಟಿನಿಂದ ದ್ರಾವಕವೂ ಹೆಚ್ಚು ಹೊತ್ತು ಆವಿಯಾಗುತ್ತದೆ.

ಆದರೂ ಬೇರೆ ಸಾಧ್ಯತೆಗಳನ್ನು ಮೊದಲು ಕಳೆದುಬಿಡಬೇಕು. ಮುಟ್ಟಿದರೆ ಮರಳಿನಂತೆ ತರತರಿಯಾಗಿದ್ದರೆ ಬಣ್ಣ ಗಾಳಿಯಲ್ಲೇ ಅರ್ಧ ಒಣಗಿ ಬಂದು ಕೂತಿದೆ ಎಂದರ್ಥ; ನಿಮ್ಮದು ನುಣುಪಾಗಿದೆಯಾದ್ದರಿಂದ ಅದಲ್ಲ. ಜೇಡರ ಬಲೆಯಂತೆ ಸಣ್ಣ ಬಿರುಕುಗಳಿದ್ದರೆ ದ್ರಾವಕ ಪ್ಲಾಸ್ಟಿಕ್ಕನ್ನು ತಿಂದಿದೆ ಎಂದರ್ಥ, ಅದೂ ನಿಮ್ಮಲ್ಲಿಲ್ಲ. ಖಚಿತಪಡಿಸಿಕೊಳ್ಳಲು ಬಾಡಿಯೊಳಗೆ, ಛಾವಣಿಯ ಅಡಿಯಲ್ಲಿ, ಬಣ್ಣ ತಗುಲಿ ಬಿಳುಚಿಕೊಂಡ ಒಂದು ಸಣ್ಣ ಜಾಗವನ್ನು ಆರಿಸಿ. ಮಾಡೆಲ್ ಲ್ಯಾಕರಿಗೆಂದೇ ಮಾಡಿದ, ಒಣಗುವುದನ್ನು ತಡಮಾಡುವ ರಿಟಾರ್ಡರ್ ಸೇರಿಸಿದ ನಿಧಾನದ ಥಿನ್ನರನ್ನು (ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್ ಅಂಥದ್ದೊಂದು) ಬ್ರಷ್ಷಿನ ತುದಿಯಲ್ಲಿ ತೆಗೆದುಕೊಂಡು ಅಲ್ಲಿ ತೆಳುವಾಗಿ ಮುಟ್ಟಿಸಿ. ಕಪ್ಪು ಮರಳಿ ಬಂದು ಒಣಗಿದ ಮೇಲೂ ಉಳಿದರೆ ಅದು ಬ್ಲಶಿಂಗೇ, ಬಾಡಿಗೆ ಯಾವ ಅಪಾಯವೂ ಇಲ್ಲ.

ಬೆಟಗೇರಿ ಬೆಂಚ್ (ಗದಗ):

ಉಣಕಲ್ ಸರ್ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಬಣ್ಣ ಹೊಡೆಯುವ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಧೂಳು ಕೂರುತ್ತದೆ ಎಂಬ ಸಲಹೆಯನ್ನು ನಮ್ಮವರು ಒಬ್ಬರಿಂದೊಬ್ಬರು ಕೇಳಿ ಪಾಲಿಸುತ್ತಾರೆ. ನಮ್ಮ ಗದಗಿನಲ್ಲಿ ಬೇಸಿಗೆಯ ಒಣಗಾಳಿ ಬೀಸುವಾಗ ಅದು ಚಿನ್ನದಂತಹ ಸಲಹೆ, ಇಲ್ಲಿ ತೇವಕ್ಕಿಂತ ಧೂಳಿನದೇ ದೊಡ್ಡ ಕಾಟ. ಆದರೆ ಧಾರವಾಡದ ಮಳೆಯಲ್ಲಿ ಅದೇ ಕೆಲಸ ಮಾಡಿದರೆ ಮೊದಲೇ ತೇವ ತುಂಬಿದ ಗಾಳಿಗೆ ಇನ್ನಷ್ಟು ನೀರು ಕೊಟ್ಟಂತಾಗುತ್ತದೆ. ಮಳೆಗಾಲದಲ್ಲಿ ನೆಲವನ್ನು ಒಣಬಟ್ಟೆಯಿಂದ ಒರೆಸಿದರೆ ಸಾಕು.

ಏರ್‌ಬ್ರಷ್ ಇರುವವರು ಕಂಪ್ರೆಸರಿನ ಟ್ಯಾಂಕಿನಲ್ಲಿ ಸೇರಿದ ನೀರನ್ನು ಕೆಳಗಿನ ತಿರುಪು ಬಿಚ್ಚಿ ತಪ್ಪದೆ ಹೊರಬಿಡಬೇಕು. ಆ ನೀರು ಪೈಪಿನ ಮೂಲಕ ಬಂದರೆ ಮೈಯೆಲ್ಲ ಒಂದೇ ಸಮ ಬಿಳುಚಿಕೊಳ್ಳುವುದಿಲ್ಲ, ಅಲ್ಲಲ್ಲಿ ಸಣ್ಣ ಕುಳಿಗಳು ಬೀಳುತ್ತವೆ. ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮಾಳಮಡ್ಡಿ ಮಾಡೆಲರ್:

ಇಬ್ಬರಿಗೂ ಧನ್ಯವಾದಗಳು. ನೀವು ಹೇಳಿದ ನಿಧಾನದ ಥಿನ್ನರ್ ನನ್ನ ಬಳಿ ಇತ್ತು. ಛಾವಣಿಯ ಅಡಿಯಲ್ಲಿ ಬ್ರಷ್ಷಿನಿಂದ ಮುಟ್ಟಿಸಿದ ಕಡೆ ಕಪ್ಪು ಮರಳಿ ಬಂದು ಹಾಗೆಯೇ ನಿಂತಿದೆ. ಏರ್‌ಬ್ರಷ್ ಇಲ್ಲದೆ ಹೊರಮೈಯನ್ನು ಸರಿಪಡಿಸುವ ಬಗೆ ತಿಳಿಸಿ. ಇಡೀ ಬಾಡಿಗೆ ಬ್ರಷ್ಷಿನಿಂದಲೇ ಥಿನ್ನರ್ ಹಚ್ಚಬಹುದೇ?

ಉಣಕಲ್ 24:

ಹೊರಮೈಗೆ ಬ್ರಷ್ ಬೇಡ. ಕೂದಲಿನ ಗೆರೆಗಳು ಮೂಡುತ್ತವೆ, ಅಂಚುಗಳಲ್ಲಿ ಕಪ್ಪು ಎದ್ದು ಬಂದು ಪ್ರೈಮರ್ ಕಾಣುತ್ತದೆ. ಏರ್‌ಬ್ರಷ್ ಇದ್ದಿದ್ದರೆ ಆ ನಿಧಾನದ ಥಿನ್ನರನ್ನೇ ಕಡಿಮೆ ಒತ್ತಡದಲ್ಲಿ ತೆಳುವಾಗಿ ಹಾಯಿಸಿ ಎನ್ನುತ್ತಿದ್ದೆ. ಕ್ಯಾನ್ ಮಾತ್ರ ಇರುವವರಿಗೂ ದಾರಿಯಿದೆ, ಅದು ಲ್ಯಾಕರಿನ ಗುಣದಿಂದಲೇ ಸಿಗುವ ದಾರಿ. ಒಣಗಿದ ಲ್ಯಾಕರ್ ಮೇಲೆ ಅದೇ ಲ್ಯಾಕರಿನ ಹಸಿ ಕೋಟ್ ಬಿದ್ದರೆ ಕೆಳಗಿನ ಪದರ ಮತ್ತೆ ಮೆತ್ತಗಾಗಿ ಮೇಲಿನದರ ಜೊತೆ ಬೆರೆಯುತ್ತದೆ. ಈ ಸಲ ದ್ರಾವಕ ತೇವವಿಲ್ಲದೆ ಆವಿಯಾಗುವಂತೆ ನೋಡಿಕೊಂಡರೆ ಹಳೆಯ ಬಿಳುಪೂ ಅದರ ಜೊತೆಗೇ ಮಾಯವಾಗುತ್ತದೆ.

ಮೊದಲು ಬಾಡಿಯನ್ನು ಚೆನ್ನಾಗಿ ಒಣಗಿಸಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ಬಣ್ಣದ ಮೈ ಯಾವುದಕ್ಕೂ ತಾಗದಂತೆ ಬಾಡಿಯನ್ನು ಅದರೊಳಗೆ ಎತ್ತರದಲ್ಲಿ ನಿಲ್ಲಿಸಿ ಒಂದೆರಡು ದಿನ ಬಿಡಿ. ನೀಲಿ ಕಾಳಿನ ಸಿಲಿಕಾ ಜೆಲ್ ತೇವ ಕುಡಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಅದರ ಬಲ ಮುಗಿದದ್ದು ಕಣ್ಣಿಗೇ ಕಾಣುತ್ತದೆ. ಈ ನಡುವೆ ಗಾಳಿಯ ತೇವಾಂಶ ತೋರಿಸುವ ಒಂದು ಹೈಗ್ರೋಮೀಟರ್ ತಂದಿಟ್ಟುಕೊಳ್ಳಿ. ಅದು ಒಂದು ಕ್ಯಾನಿಗಿಂತ ಅಗ್ಗವಾಗಿ ಸಿಗುತ್ತದೆ, ಈ ಹವ್ಯಾಸದಲ್ಲಿ ಅಷ್ಟು ಕಡಿಮೆ ದುಡ್ಡಿಗೆ ಅಷ್ಟು ನೆರವಾಗುವ ಬೇರೊಂದು ಉಪಕರಣವನ್ನು ನಾನು ಕಂಡಿಲ್ಲ. ತೇವಾಂಶ ಶೇ. 70 ದಾಟಿದರೆ ಹೊಳಪಿನ ಲ್ಯಾಕರ್ ಹೊಡೆಯುವುದಿಲ್ಲ ಎಂಬುದು ನಾನು ಪಾಲಿಸುವ ನಿಯಮ. ಪುಷ್ಯ, ಆಶ್ಲೇಷಾ ಮಳೆಗಳ ನಡುವೆಯೂ ಬಿಸಿಲು ಬಿದ್ದು ತೇವ ಇಳಿಯುವ ಮಧ್ಯಾಹ್ನಗಳು ಸಿಗುತ್ತವೆ, ಅಂಥದ್ದೊಂದಕ್ಕೆ ಕಾಯಿರಿ. ಬೆಳಗಿನ ಹೊತ್ತೂ ಸಂಜೆಯ ಹೊತ್ತೂ ಬೇಡ.

ಆ ಮಧ್ಯಾಹ್ನ ಬಂದಾಗ ಕ್ಯಾನನ್ನು ಕೈ ತಡೆಯುವಷ್ಟು, ಅಂದರೆ 40 ಡಿಗ್ರಿ ಮೀರದ ಬಿಸಿನೀರಿನಲ್ಲಿ ಕೆಲವು ನಿಮಿಷ ಇಟ್ಟು, ಹೊರಮೈಯ ನೀರನ್ನು ಪೂರ್ತಿ ಒರೆಸಿ, ಚೆನ್ನಾಗಿ ಅಲುಗಾಡಿಸಿ. ಒಲೆಯ ಮೇಲೆ ಅಥವಾ ಕುದಿಯುವ ನೀರಿನಲ್ಲಿ ಎಂದಿಗೂ ಇಡಬೇಡಿ, ಒಳಗಿರುವುದು ಹೊತ್ತಿಕೊಳ್ಳುವ ಗ್ಯಾಸ್. ಬಾಡಿಯನ್ನೂ ಹೇರ್ ಡ್ರೈಯರಿನಿಂದ ದೂರ ಹಿಡಿದು ಉಗುರು ಬೆಚ್ಚಗಾಗುವಷ್ಟು ಮಾತ್ರ ಕಾಯಿಸಿ, ಡ್ರೈಯರನ್ನು ಆರಿಸಿ ಬೇರೆಡೆ ಇಟ್ಟ ಮೇಲೆಯೇ ಕ್ಯಾನ್ ಕೈಗೆತ್ತಿಕೊಳ್ಳಿ. ಬಾಡಿಯನ್ನು ಬೆಚ್ಚಗೆ ಮಾಡಿದರೆ ಗಾಳಿಯಲ್ಲಿರುವ ನೀರು ಕಡಿಮೆಯಾಗುವುದಿಲ್ಲ, ಆದರೆ ಮೈ ಇಬ್ಬನಿ ಬಿಂದುವಿಗಿಂತ ಇನ್ನಷ್ಟು ಮೇಲಿನಿಂದ ಇಳಿಯಲು ಶುರುಮಾಡುತ್ತದೆ, ನಮಗೆ ಬೇಕಾದ ಅಂತರ ಅದೇ.

ಮೊದಲ ಎರಡು ಕೋಟುಗಳು ತೀರ ತೆಳುವಾಗಿರಲಿ, ನಡುವೆ ಹತ್ತು ಹದಿನೈದು ನಿಮಿಷ ಬಿಡಿ. ನಂತರ ಒಂದು ಹಸಿ ಕೋಟ್ ಹೊಡೆಯಿರಿ: ಸುಮಾರು 20 ಸೆಂಟಿಮೀಟರ್ ದೂರದಿಂದ, ಬಾಡಿಯ ಹೊರಗೆ ಒತ್ತಲು ಶುರುಮಾಡಿ, ನಿಲ್ಲದೆ ಹಾಯ್ದು, ಇನ್ನೊಂದು ಬದಿಯ ಹೊರಗೆ ಬಿಡಬೇಕು. ಕಿಟಕಿಯ ಕಡೆ ಓರೆಯಾಗಿ ಹಿಡಿದು ನೋಡಿದಾಗ ಬಣ್ಣದ ಹನಿಗಳು ಒಂದಕ್ಕೊಂದು ಕೂಡಿ ಮೈಯೆಲ್ಲ ಒಂದಾಗಿ ಹೊಳೆದ ಕೂಡಲೇ ನಿಲ್ಲಿಸಿ. ಬೀಟಲ್‌ನ ಮಡ್‌ಗಾರ್ಡು ಬಾಡಿಗೆ ಸೇರುವ ಬುಡದಲ್ಲಿ ಬಣ್ಣ ಇಳಿದು ಸೇರಿಕೊಳ್ಳುತ್ತದೆ, ಅಲ್ಲಿ ಎರಡನೆಯ ಸಲ ಹಾಯಿಸಬೇಡಿ.

ಮಳೆಯ ಇರಚಲು ಬರುತ್ತದೆಂದು ಕಿಟಕಿ ಮುಚ್ಚಿ ಲ್ಯಾಕರ್ ಹೊಡೆಯುವುದನ್ನು ಮಾತ್ರ ಯಾರೂ ಮಾಡಬಾರದು. ಈ ದ್ರಾವಕದ ಆವಿ ಶ್ವಾಸಕ್ಕೂ ತಲೆಗೂ ಕೆಟ್ಟದ್ದು, ಬೆಂಕಿಗೂ ಹತ್ತಿರ. ಬಟ್ಟೆಯ ಮಾಸ್ಕ್ ಇದಕ್ಕೆ ಸಾಲದು, ದ್ರಾವಕದ ಆವಿಯನ್ನು ತಡೆಯುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. ಮಕ್ಕಳಿರುವ ಮನೆಯಲ್ಲಂತೂ ಈ ವಿಷಯದಲ್ಲಿ ರಾಜಿ ಬೇಡವೆಂದು ಕೈಮುಗಿದು ಕೇಳುತ್ತೇನೆ.

ಇಷ್ಟಾದ ಮೇಲೂ ಮೇಲ್ಪದರದಲ್ಲಿ ತುಸು ಬಿಳುಪು ಉಳಿದರೆ, ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ 2000 ನಂಬರಿನ ವಾಟರ್ ಪೇಪರಿನಿಂದ ಹಗುರವಾಗಿ ತಿಕ್ಕಿ ಪಾಲಿಶಿಂಗ್ ಕಾಂಪೌಂಡ್ ಹಚ್ಚಿದರೆ ಹೋಗುತ್ತದೆ. ಬಣ್ಣವನ್ನು ಪೂರ್ತಿ ತೆಗೆಯುವುದು ಕೊನೆಯ ಮಾತು. ಅದಕ್ಕೂ ಎನ್‌ಸಿ ಥಿನ್ನರ್ ಬೇಡ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಮೆತ್ತನೆಯ ಬ್ರಷ್ಷಿನಿಂದ ಉಜ್ಜಬೇಕು. ಅದು ನಿಧಾನ, ಆದರೆ ಪ್ಲಾಸ್ಟಿಕ್ಕನ್ನು ಮುಟ್ಟುವುದಿಲ್ಲ.

ಹಾವೇರಿ ಹವ್ಯಾಸಿ (ಹಾವೇರಿ):

ನಾನು ಮಳೆಗಾಲದ ಕೆಲಸವನ್ನೇ ಬೇರೆಯಾಗಿ ಹಂಚಿಕೊಂಡಿದ್ದೇನೆ. ಚಾಸಿ, ಎಂಜಿನ್, ಸೀಟು, ಡ್ಯಾಶ್‌ಬೋರ್ಡ್ ಇವಕ್ಕೆ ನೀರು ಬೆರೆಯುವ ಅಕ್ರಿಲಿಕ್ ಬಣ್ಣಗಳನ್ನು ಬ್ರಷ್ಷಿನಲ್ಲಿ ಹಚ್ಚಿ ಮುಗಿಸಿಕೊಂಡು, ಹೊಳಪಿನ ಬಾಡಿಗಳನ್ನು ದೀಪಾವಳಿಯ ಆಚೆಗೆ ಇಟ್ಟುಕೊಳ್ಳುತ್ತೇನೆ. ಮ್ಯಾಟ್ ಕ್ಲಿಯರ್ (ಹೊಳಪಿಲ್ಲದ ಪಾರದರ್ಶಕ ಮೇಲ್ಕೋಟ್) ಕೂಡ ತೇವದಲ್ಲಿ ಬಿಳಿ ಹಿಡಿಯುವುದರಿಂದ ಅದನ್ನೂ ಆಗಲೇ ಹೊಡೆಯುತ್ತೇನೆ.

ಮಾಳಮಡ್ಡಿ ಮಾಡೆಲರ್:

ಹೇಳಿದಂತೆಯೇ ಮಾಡಿದೆ. ಮೀಟರಿನಲ್ಲಿ ತೇವಾಂಶ ಶೇ. 66ಕ್ಕೆ ಇಳಿದ ಒಂದು ಮಧ್ಯಾಹ್ನ ಕ್ಯಾನನ್ನೂ ಬಾಡಿಯನ್ನೂ ಬೆಚ್ಚಗೆ ಮಾಡಿಕೊಂಡು ಹೊಡೆದಾಗ ಛಾವಣಿಯ ಬಿಳುಪು ಹಸಿ ಕೋಟಿನಡಿಯಲ್ಲಿ ಕರಗಿ ಹೋಯಿತು, ಒಣಗಿದ ಮೇಲೂ ಮರಳಿ ಬರಲಿಲ್ಲ. ಎಡಗಡೆಯ ಹಿಂದಿನ ಮಡ್‌ಗಾರ್ಡಿನ ಬುಡದಲ್ಲಿ ಬೆರಳ ತುದಿಯಷ್ಟು ಉಳಿದಿರುವುದನ್ನು ಕಾಂಪೌಂಡಿನಿಂದ ತೆಗೆಯುತ್ತೇನೆ. ಎಲ್ಲರಿಗೂ ಮನಸಾರೆ ಧನ್ಯವಾದ. ಕಿಟಕಿ ಗಾಜುಗಳನ್ನು ಸೂಪರ್ ಗ್ಲೂನಿಂದ ಕೂರಿಸುವ ಯೋಚನೆಯಿದೆ, ಅದಕ್ಕೂ ಈ ತೇವ ತೊಂದರೆ ಕೊಡುತ್ತದೆಯೇ?

ಉಣಕಲ್ 24:

ಬಹಳ ಸಂತೋಷವಾಯಿತು. ಗಾಜಿಗೆ ಸೂಪರ್ ಗ್ಲೂ ಯಾವ ಕಾಲದಲ್ಲೂ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ. ಆ ಅಂಟು ಗಟ್ಟಿಯಾಗುವುದೇ ತೇವದ ಸಹಾಯದಿಂದ. ಅದರ ಆವಿ ಹತ್ತಿರದ ಪಾರದರ್ಶಕ ಪ್ಲಾಸ್ಟಿಕ್ಕಿನ ಮೇಲೆ ಗಟ್ಟಿಯಾಗಿ ಬಿಳಿ ಪುಡಿಯಂತೆ ಕೂರುತ್ತದೆ, ಬಾಡಿಯಂತಹ ಮುಚ್ಚಿದ ಜಾಗದಲ್ಲಿ ಆವಿ ಹೊರಗೆ ಹೋಗದೆ ಇನ್ನೂ ಹೆಚ್ಚು ಕೂರುತ್ತದೆ. ಫೆವಿಕಾಲಿನಂತಹ ಬಿಳಿ ಅಂಟನ್ನು ಹಲ್ಲುಕಡ್ಡಿಯ ತುದಿಯಿಂದ ಚೌಕಟ್ಟಿನ ಒಳಅಂಚಿಗೆ ಚುಕ್ಕೆ ಚುಕ್ಕೆಯಾಗಿ ಇಟ್ಟು ಗಾಜನ್ನು ಒತ್ತಿ ಹಿಡಿಯಿರಿ. ಒಣಗಿದಾಗ ಬಿಳುಪು ಹೋಗಿ ತಿಳಿಯಾಗುತ್ತದೆ, ಹೆಚ್ಚಾದದ್ದನ್ನು ಹಸಿಯಿರುವಾಗಲೇ ಒದ್ದೆ ಬಟ್ಟೆಯಿಂದ ಒರೆಸಬಹುದು. ಈ ಹವೆಯಲ್ಲಿ ಅದು ನಿಧಾನವಾಗಿ ಒಣಗುವುದರಿಂದ ಗಾಜಿನ ಮೇಲೆ ಸಣ್ಣ ಟೇಪ್ ತುಂಡುಗಳನ್ನು ಅಂಟಿಸಿ ಒಂದು ರಾತ್ರಿ ಬಿಡಿ. ಆ ಟೇಪ್ ಹೊಸ ಕಪ್ಪು ಬಣ್ಣಕ್ಕೆ ತಾಗದಂತೆ ಒಳಗಡೆಯಿಂದಲೇ ಹಾಕಿ, ಏಕೆಂದರೆ ಬಣ್ಣ ಪೂರ್ತಿ ಗಟ್ಟಿಯಾಗಲು ಇನ್ನೂ ಕೆಲವು ದಿನ ಬೇಕು.