ಗೃಹಲಕ್ಷ್ಮಿ ದುಡ್ಡು ಬಡವರ ಮನೆಯಲ್ಲಿ ನಿಜವಾಗಿ ಏನು ಬದಲಾಯಿಸಿದೆ?

ಮಾಗಡಿ_ರೋಡ್ ಕೇಳಿದ್ದು:

ಆಫೀಸಿನಲ್ಲಿ ಊಟಕ್ಕೆ ಕೂತರೆ ಇದೇ ವಾದ. ಒಬ್ಬರು ಬಿಟ್ಟಿ ದುಡ್ಡು ಕೊಟ್ಟು ಜನರನ್ನು ಸೋಮಾರಿ ಮಾಡಿದರು ಅಂತಾರೆ, ಇನ್ನೊಬ್ಬರು ಹಳ್ಳಿಗಳ ಹಣೆಬರಹವೇ ಬದಲಾಯ್ತು ಅಂತಾರೆ. ಇಬ್ಬರೂ ಹಳ್ಳಿಯಲ್ಲಿ ಒಂದು ರಾತ್ರಿ ಕಳೆದವರಲ್ಲ. 2023ರ ಆಗಸ್ಟ್ 30ಕ್ಕೆ ಮೈಸೂರಿನಲ್ಲಿ ಶುರುವಾದ ಯೋಜನೆ, 1.2 ಕೋಟಿಗೂ ಹೆಚ್ಚು ಮನೆಗಳಿಗೆ ಹೋಗುತ್ತೆ. ಪಕ್ಷದ ಮಾತು ಬೇಡ. ಕೂಲಿ ಮೇಲೆ ನಡೆಯುವ ಮನೆಗೆ ತಿಂಗಳಿಗೆ 2000 ಬಂದರೆ ಅದು ಎಲ್ಲಿಗೆ ಹೋಗುತ್ತೆ, ಏನು ಬದಲಾಗುತ್ತೆ? ಕಣ್ಣಾರೆ ಕಂಡವರು ಹೇಳಿ.

ಯಲಬುರ್ಗಾ_ಹುಡುಗಿ:

ನಮ್ಮ ಪಕ್ಕದ ಮನೆಯದನ್ನು ಹೇಳ್ತೀನಿ. ಗಂಡ ಮಂಗಳೂರು ಕಡೆ ಗೌಂಡಿ ಕೆಲಸಕ್ಕೆ ಗುಳೆ ಹೋಗ್ತಾನೆ, ಇಲ್ಲಿ ಹೆಂಡತಿ, ಅತ್ತೆ, ಎರಡು ಮಕ್ಕಳು. ಜಮೀನಿಲ್ಲ. ಮೊದಲು ಅವರ ಮನೆ ಪೂರ್ತಿ ನಡೀತಿದ್ದದ್ದು ಅಂಗಡಿಯ ಉದ್ರಿ ಪುಸ್ತಕದ ಮೇಲೆ. ಉದ್ರಿ ಅಂದರೆ ಗೊತ್ತಲ್ವಾ, ಅಂಗಡಿಯವನು ಕೊಟ್ಟಿದ್ದೇ ಬೇಳೆ, ಹೇಳಿದ್ದೇ ರೇಟು. ಹುಳ ಬಿದ್ದಿದೆ ಅಂತ ವಾಪಸ್ ಕೊಡೋಕೂ ಬಾಯಿ ಬರಲ್ಲ, ಹಳೇ ಬಾಕಿ ಇರುತ್ತಲ್ಲ. ಈಗ ಅವಳು ದುಡ್ಡು ಬಂದ ವಾರ ಸಂತೆಗೆ ಹೋಗಿ ತಿಂಗಳ ಎಣ್ಣೆ, ಬೇಳೆ, ಸೋಪು ಒಟ್ಟಿಗೆ ತರ್ತಾಳೆ. ಬಸ್ಸಿಗೂ ಟಿಕೆಟ್ ಇಲ್ಲ. ಉದ್ರಿ ಪೂರ್ತಿ ನಿಂತಿಲ್ಲ, ಕಮ್ಮಿಯಾಗಿದೆ. "ರೊಕ್ಕ ಹಾಕ್ರಿ ಅಂತ ಫೋನ್ ಹಚ್ಚಿ ಅವರ ಕಡೆ ಕಾಡೋದು ತಪ್ಪೈತಿ ನೋಡವ್ವ" ಅಂದಳು ಒಂದಿನ.

ಆದರೆ ದುಡ್ಡು ಬರೋದು ಅವಳ ಖಾತೆಗೆ ಅಲ್ಲ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ. ಅತ್ತೆ ಬಿಪಿ ಗುಳಿಗೆಗೆ, ಎಲೆ ಅಡಿಕೆಗೆ ಅಂತ ಸ್ವಲ್ಪ ಇಟ್ಕೊಂಡು ಉಳಿದದ್ದನ್ನು ಸೊಸೆ ಕೈಗೆ ಕೊಡ್ತಾರೆ. ಎಲ್ಲ ಮನೆಯಲ್ಲೂ ಹೀಗಿಲ್ಲ. ನಮ್ಮ ಓಣಿಯಲ್ಲೇ ಒಂದು ಮನೆಯವರು ಇದೇ ಜಗಳಕ್ಕೆ ಒಲೆ ಬೇರೆ ಮಾಡಿಕೊಂಡಿದ್ದಾರೆ.

ಶುಂಠಿ_ಗೌಡ:

ಬೇಜಾರಾಗಬೇಡಿ, ನಮ್ಮ ಕಡೆ ಇನ್ನೊಂದು ಮುಖ ಇದೆ. ಹಾಸನ ಜಿಲ್ಲೆ, ಶುಂಠಿ ಬೆಳೀತೀವಿ. ಕಳೆ ತೆಗೆಯೋಕೆ ಆಳು ಸಿಗ್ತಿಲ್ಲ. ಅಕ್ಕಿ ಫ್ರೀ, ಬಸ್ಸು ಫ್ರೀ, ಮೇಲೆ 2000. ಕರೆದರೆ "ನಾಳೆ ನೋಡ್ತೀವಿ ಅಣ್ಣ" ಅಂತಾರೆ.

ಲೆಕ್ಕದ_ಮೇಷ್ಟ್ರು:

ಗೌಡ್ರೇ, ಒಂದು ಲೆಕ್ಕ. ನಮ್ಮ ರಾಜ್ಯದಲ್ಲಿ 2025-26ರ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 2000 ಅಂದರೆ ಐದೂವರೆ ದಿನದ ಕೂಲಿ ಅಷ್ಟೇ. ಐದೂವರೆ ದಿನದ ಕೂಲಿ ಇಟ್ಕೊಂಡು ಮೂವತ್ತು ದಿನ ಯಾರು ಮನೆಯಲ್ಲಿ ಮಲಗ್ತಾರೆ? ಆಳು ಸಿಗದೇ ಇರೋದು ಇದಕ್ಕೂ ಮೊದಲಿನಿಂದ ಇರೋ ತೊಂದರೆ, ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ. ಬದಲಾಗಿರೋದು ಇಷ್ಟು: ಹಿಂದೆ ಹೆಂಗಸರು ಕೊಟ್ಟಷ್ಟಕ್ಕೆ ಬರ್ತಿದ್ದರು, ಈಗ ಕಮ್ಮಿ ಕೂಲಿಗೆ ಆಗಲ್ಲ ಅನ್ನೋ ಧೈರ್ಯ ಒಂದೆರಡು ದಿನದ ಮಟ್ಟಿಗೆ ಬಂದಿದೆ. ನಿಮಗೆ ಕಷ್ಟವೇ, ಒಪ್ತೀನಿ. ಅದನ್ನು ಸೋಮಾರಿತನ ಅನ್ನೋದು ಸರಿಯಲ್ಲ.

ಇನ್ನೊಂದು ಮಾತು. ಪಿಎಂ ಕಿಸಾನ್‌ನಲ್ಲೂ ಕಂತಿಗೆ 2000 ಬರುತ್ತೆ, ವರ್ಷಕ್ಕೆ ಮೂರು ಸಲ. ಅದು ಪಹಣಿ ಇದ್ದವರಿಗೆ, ಅಂದರೆ ಹೆಚ್ಚಾಗಿ ಗಂಡಸಿನ ಖಾತೆಗೆ. ನಮ್ಮ ಊರಲ್ಲಿ ಅದು ಗೊಬ್ಬರದ ಅಂಗಡಿಗೆ ಹೋಗುತ್ತೆ, ಅದೇನೂ ತಪ್ಪಲ್ಲ. ಆದರೆ ಜಮೀನಿಲ್ಲದವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಗೃಹಲಕ್ಷ್ಮಿ ಪಹಣಿ ಕೇಳಲ್ಲ.

ಸಮುದ್ರದಾಚೆ:

ಬಡವರಿಗೆ ನೇರವಾಗಿ ದುಡ್ಡು ಕೊಟ್ಟರೆ ಏನಾಗುತ್ತೆ ಅನ್ನೋದನ್ನು ಚೆನ್ನಾಗಿ ಪರೀಕ್ಷೆ ಮಾಡಿ ನೋಡಿರೋದು ಕೀನ್ಯಾದಲ್ಲಿ. ಗಿವ್‌ಡೈರೆಕ್ಟ್ಲಿ ಅನ್ನೋ ಸಂಸ್ಥೆ ಅಲ್ಲಿನ ಹಳ್ಳಿಯ ಬಡವರಿಗೆ ಮೊಬೈಲ್ ಮೂಲಕ, ಎಂ-ಪೆಸಾದಲ್ಲಿ, ನೇರವಾಗಿ ದುಡ್ಡು ಹಾಕಿತು. ಷರತ್ತು ಏನೂ ಇಲ್ಲ. ಕೆಲವರಿಗೆ ತಿಂಗಳು ತಿಂಗಳು, ಕೆಲವರಿಗೆ ಒಂದೇ ಗಂಟು. ತಿಂಗಳಿಗೆ ಬಂದವರ ಮನೆಯಲ್ಲಿ ಊಟ ಸುಧಾರಿಸಿತು, ಗಂಟಾಗಿ ಬಂದವರು ದೊಡ್ಡ ಸಾಮಾನು ಮಾಡಿಕೊಂಡರು, ಹುಲ್ಲಿನ ಮಾಡು ತೆಗೆದು ತಗಡು ಹಾಕಿಸಿದವರೂ ಇದ್ದಾರೆ. ಕುಡಿತ, ತಂಬಾಕಿನ ಖರ್ಚು ಏರಲಿಲ್ಲ. ಆಮೇಲೆ ಸಿಯಾಯಾ ಅನ್ನೋ ಕಡೆ ಸಾವಿರಾರು ಮನೆಗೆ ಸುಮಾರು 1000 ಡಾಲರ್‌ನಂತೆ ಕೊಟ್ಟು ನೋಡಿದರು, ಬೆಲೆ ಏರಿದ್ದು ಶೇ. 1ಕ್ಕಿಂತಲೂ ಕಮ್ಮಿ. ದುಡ್ಡು ಸಿಗದ ಮನೆಗಳಿಗೂ ವ್ಯಾಪಾರ, ಕೂಲಿ ಹೆಚ್ಚಾಗಿ ಲಾಭವಾಯ್ತು.

ಮಾಗಡಿ_ರೋಡ್:

ಹಾಗಿದ್ದರೆ ನಮ್ಮಲ್ಲಿ ಎರಡು ಮೂರು ಕಂತು ತಡವಾಗಿ ಒಟ್ಟಿಗೆ ಬರೋದೂ ಒಳ್ಳೇದೇ ಅಲ್ವಾ? ಹೊಲಿಗೆ ಮಷಿನ್, ಫ್ರಿಜ್ ತಗೊಂಡವರ ಸುದ್ದಿ ಓದಿದ್ದೆ.

ಯಲಬುರ್ಗಾ_ಹುಡುಗಿ:

ಇಲ್ಲ ಸರ್. ಒಟ್ಟಿಗೆ ಕೊಡ್ತೀವಿ ಅಂತ ಮೊದಲೇ ಹೇಳಿ ಕೊಟ್ಟರೆ ಅದು ಗಂಟು. ಇದು ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ಕಾಯಿಸಿ ಕೊಡೋದು. ಕಂತು ತಪ್ಪಿದ ತಿಂಗಳು ಅವಳು ಮತ್ತೆ ಅದೇ ಉದ್ರಿ ಅಂಗಡಿಗೆ ಹೋಗ್ತಾಳೆ, ಸಂಘದ ವಾರದ ಕಂತಿಗೆ ಕೈಸಾಲ ಮಾಡ್ತಾಳೆ. ಕೊನೆಗೆ 6000 ಬಂತು ಅಂದ್ಕೊಳ್ಳಿ, ಅಂಗಡಿ ಬಾಕಿ, ಬಡ್ಡಿ ಕೊಟ್ಟು ಉಳಿಯೋದು ಎಷ್ಟು? ಮಷಿನ್ ತಗೊಂಡವರು ಆ ದುಡ್ಡಿಲ್ಲದೇ ತಿಂಗಳು ದೂಡೋಕೆ ಆದವರು. ನನ್ನ ಕೇಳಿದರೆ 2000ವನ್ನು 2500 ಮಾಡೋದಕ್ಕಿಂತ ಇಂಥ ತಾರೀಖಿಗೆ ಬೀಳುತ್ತೆ ಅಂತ ಗಟ್ಟಿ ಮಾಡಿದರೆ ಸಾಕು. ತಾರೀಖು ಗೊತ್ತಿದ್ದರೆ ಅಂಗಡಿಯವನೂ ಮರ್ಯಾದೆಯಾಗಿ ಮಾತಾಡ್ತಾನೆ.

ಸೇವಾಕೇಂದ್ರ_ತಮ್ಮ:

ನಾನು ಇಂಥ ಅರ್ಜಿ ಹಾಕೋ ಕೆಲಸದಲ್ಲೇ ಇರೋದು. ಅಕ್ಕ ಹೇಳಿದ್ದು ನೂರಕ್ಕೆ ನೂರು. ಜೊತೆಗೆ, ಬರದೇ ಇರೋದಕ್ಕೆಲ್ಲ ಸರ್ಕಾರದ ತಡವೇ ಕಾರಣ ಅಲ್ಲ. ದುಡ್ಡು ಬೀಳೋದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ಯಾರೋ ಸಾಲ ಕೊಡಿಸ್ತೀವಿ ಅಂತ ಹೊಸ ಖಾತೆ ಮಾಡಿಸಿರ್ತಾರೆ, ಈಯಮ್ಮ ಹಳೇ ಪಾಸ್‌ಬುಕ್ ಹಿಡ್ಕೊಂಡು ಎಂಟ್ರಿ ಹಾಕಿಸ್ತಾನೇ ಇರ್ತಾರೆ. ಒಂದು ಬ್ಯಾಂಕಿನವರು ಹಳೇ ಸಾಲಕ್ಕೆ ಮುರ್ಕೊಂಡಿದ್ದನ್ನೂ ನೋಡಿದ್ದೀನಿ, ಅಜ್ಜಿಗೆ ಅದು ಗೊತ್ತಾಗಿದ್ದು ನಾವು ಹೇಳಿದ ಮೇಲೆ.

ಯಜಮಾನಿ ತೀರಿಕೊಂಡರೆ ಕಾರ್ಡಿನಲ್ಲಿ ಹೆಸರು ಬದಲಾಯಿಸಿ, ಹೊಸ ಯಜಮಾನಿ ಹೆಸರಲ್ಲಿ ಮತ್ತೆ ಅರ್ಜಿ ಹಾಕಬೇಕು, ತಾನಾಗಿ ಸೊಸೆಗೆ ಬರಲ್ಲ. ಇದನ್ನು ನಿಮ್ಮ ಊರಲ್ಲಿ ನಾಲ್ಕು ಜನಕ್ಕೆ ಹೇಳಿ ಸರ್.