ದೊಡ್ಡ ಬ್ರೇಕ್: ಉಪಯೋಗ ಐತೇನು, ಬರೀ ಶೋಕಿನೋ?

ಪ್ರಶ್ನೆ (ಹುಬ್ಬಳ್ಳಿ): ಅರಬೈಲ್ ಘಾಟ್ ಇಳಿಯೂಮುಂದ ಕಾರಿನ ಬ್ರೇಕ್ ಪೆಡಲ್ ಮೆತ್ತಗಾಗ್ತೈತಿ. ದೊಡ್ಡ ಡಿಸ್ಕ್, ಕೆಂಪು ಕ್ಯಾಲಿಪರ್ (ಡಿಸ್ಕಿಗೆ ಪ್ಯಾಡ್ ಒತ್ತೂ ಭಾಗ) ಹಾಕಿಸಿದ್ರ ಸರಿಹೋಗ್ತೈತೇನ್ರಿ?

ಉತ್ತರ (ಧಾರವಾಡ): ಮೊದಲ ಬ್ರೇಕ್ ಆಯಿಲ್ ನೋಡ್ರಿ. ಅದು ಹವಾದಾಗಿನ ನೀರು ಹೀರ್ತೈತಿ. ಡಾಟ್ 4 ಅನ್ನೂ ದರ್ಜೆಯ ಆಯಿಲ್‌ನ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ. ನೀರು ಸೇರಿದ ಮ್ಯಾಲ 155ರ ತನಕ ಇಳೀಬಹುದು. ಕುದ್ದು ಗುಳ್ಳಿ ಎದ್ರ ಪೆಡಲ್ ಒಳಗ ಹೋಗ್ತೈತಿ. ಎರಡು ವರ್ಷಕ್ಕೊಮ್ಮೆ ಬದಲಿಸಿ, ನಾಲ್ಕೂ ಗಾಲಿ ಬ್ಲೀಡ್ ಮಾಡಿಸ್ರಿ, ಅಂದ್ರ ಬ್ರೇಕ್ ಪೈಪಿನ್ಯಾಗಿನ ಹವಾ ತೆಗಿಸ್ರಿ. ಪ್ಯಾಡ್ 3 ಮಿ.ಮೀ.ಗೆ ಬಂದಿದ್ರ ಹೊಸಾವು ಹಾಕಿಸ್ರಿ. ಇಳಿಜಾರಿನ್ಯಾಗ 2ನೇ ಗೇರ್ ಬಿಡಬ್ಯಾಡ್ರಿ.

ಉತ್ತರ (ಗದಗ): ಎಬಿಎಸ್ (ಗಾಲಿ ಜಾಮ್ ಆಗದಂಗ ತಡಿಯೂ ವ್ಯವಸ್ಥೆ) ಬಡಿಯೂವಷ್ಟು ಬ್ರೇಕ್ ಈಗಾಗಲೇ ಇದ್ರ, ಗಾಡಿ ನಿಲ್ಲೂದು ಟೈರಿನ ಹಿಡಿತದ ಮ್ಯಾಲ. ದೊಡ್ಡ ಡಿಸ್ಕ್ ಶಾಖ ತಡಕೊಳ್ತೈತಿ, ಅಷ್ಟ. ಮುಂದಿನವು ಮಾತ್ರ ಬದಲಿಸಿದ್ರ ಮುಂದ-ಹಿಂದಿನ ಹೊಂದಾಣಿಕೆ ಕೆಡ್ತೈತಿ. ತೂತಿನ ಡಿಸ್ಕ್ ಅಂತೂ ಬ್ಯಾಡ್ರಿ, ತೂತಿನ ಅಂಚಿಗೆ ಬಿರುಕು ಬಿಡ್ತಾವ.

ಉತ್ತರ (ಹಾವೇರಿ): ಕೆಂಪು ಬಣ್ಣ ಬರೀ ಶೋಕಿ. ಆ ರೊಕ್ಕ ಒಳ್ಳೆ ಟೈರಿಗೆ ಹಾಕ್ರಿ.